ಲೆಂಟ್ ಕಾಲಕ್ಕೆ (ಈಸ್ಟರ್ ಮುಂಚಿನ ಉಪವಾಸದ ದಿನಗಳು) ನಮ್ಮ ಸಣ್ಣ ಚರ್ಚ್ ಸಭೆಯ ಕೆಲಸಗಳನ್ನು ವ್ಯವಸ್ಥಿತ ಮಾಡೋದು ಹೇಗೆ? ಜನ ಕೈ ಜೋಡಿಸುತ್ತಿಲ್ಲ

"ಎಲ್ಲ ಲೆಕ್ಕ ಒಂದೇ ಶೀಟಿನಲ್ಲಿರಬೇಕು, ಯಾರು ಏನು ಮಾಡಿದರು ಅಂತ ಎಲ್ಲರಿಗೂ ಕಾಣಬೇಕು, ಯಾವ ಆ್ಯಪ್ ಒಳ್ಳೇದು" ಅಂತ ಕೇಳಿದ್ದೀರಿ. ಓದಿ ನನ್ನದೇ ಹಳೇ ಫೋಟೋ ಕೈಗೆ ಸಿಕ್ಕ ಹಾಗಾಯಿತು. 2019ರಲ್ಲಿ ಇದೇ ಮಾತನ್ನು ನಾನು ನಮ್ಮ ಸಭೆಯ ಹಿರಿಯರ ಮುಂದೆ ಹೇಳಿದ್ದೆ. ಆ್ಯಪ್ ಹೆಸರು ಹೇಳಲ್ಲ. ಏನಾಯ್ತು ಅಂತ ಹೇಳ್ತೀನಿ.

ನಮ್ಮದು ಗದಗ-ಬೆಟಗೇರಿ ಕಡೆಯ ಸಣ್ಣ ಸಭೆ. ಹೆಸರು ಬೇಡ. ಆಗ 34 ಮನೆ ಇದ್ದವು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನ ಕ್ರೈಸ್ತ ಮಿಷನರಿಗಳು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು ಅಂತ ನಮ್ಮ ಸಂಡೇ ಸ್ಕೂಲ್ ಮಕ್ಕಳೂ ಬಾಯಿಪಾಠ ಒಪ್ಪಿಸುತ್ತಾರೆ. ಅಷ್ಟು ಹಳೇ ಬೇರು. ಇಂಥ ಕಡೆ ಯಾರ ಅಜ್ಜ ಯಾರ ಹತ್ತಿರ ಸಾಲ ಮಾಡಿದ್ದ ಅನ್ನೋದೂ ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿದ್ದೂ ಯಾರೂ ಬಾಯಿ ಬಿಡೋದಿಲ್ಲ. ನಾನು ಪುಣೆಯಲ್ಲಿ ಆರು ವರ್ಷ ಲೆಕ್ಕಪತ್ರದ ಕೆಲಸ ಮಾಡಿ ಬಂದವನು. ನನಗೆ ನಮ್ಮ ಸಭೆಯಲ್ಲಿ ಕಂಡಿದ್ದು ಬರೀ ಅವ್ಯವಸ್ಥೆ.

ಆ ವರ್ಷ ಲೆಂಟ್ ಶುರುವಾಗುವ ಬೂದಿ ಬುಧವಾರ ಮಾರ್ಚ್ 6ಕ್ಕೆ ಬಂತು. ನಮ್ಮಲ್ಲಿ ಹಣೆಗೆ ಬೂದಿ ಹಚ್ಚೋದಿಲ್ಲ, ಸಂಜೆ ಆರಾಧನೆ ಅಷ್ಟೇ. ಅಲ್ಲಿಂದ ಭಾನುವಾರಗಳನ್ನು ಬಿಟ್ಟು ನಲವತ್ತು ದಿನ. ವಾರಕ್ಕೆರಡು ಸಂಜೆ ಮನೆ ಪ್ರಾರ್ಥನೆ. (ಬರೀ ಚಹಾ ಅಂತ ನಿಯಮ. ಎರಡನೇ ವಾರಕ್ಕೇ ಯಾರದೋ ಮನೆಯಲ್ಲಿ ಗಿರ್ಮಿಟ್ ಬರುತ್ತದೆ, ಮೂರನೇ ವಾರಕ್ಕೆ ಮಿರ್ಚಿ. ಇದನ್ನು ತಡೆಯಲು ಹೋಗಬೇಡಿ, ಆಗಲ್ಲ.) ಆಮೇಲೆ ಗರಿಗಳ ಭಾನುವಾರ. ಶುಭ ಶುಕ್ರವಾರ ಹನ್ನೆರಡರಿಂದ ಮೂರರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ. ಈಸ್ಟರ್ ನಸುಕಿನಲ್ಲಿ ಸಮಾಧಿ ತೋಟದಲ್ಲಿ ಪ್ರಾರ್ಥನೆ, ಅದಕ್ಕೂ ಮುಂಚೆ ಅಲ್ಲಿನ ಜಾಲಿ ಕಡಿದು ಸಮಾಧಿಗಳಿಗೆ ಸುಣ್ಣ ಹಚ್ಚಬೇಕು. ನೀರಿನದು ಇನ್ನೊಂದು ಕಥೆ. ಬೇಸಿಗೆಯಲ್ಲಿ ನಮ್ಮೂರಿನ ನಳಕ್ಕೆ ಹತ್ತು-ಹದಿನೈದು ದಿನಕ್ಕೊಮ್ಮೆ ನೆನಪಾಗುತ್ತದೆ. ಶುಭ ಶುಕ್ರವಾರ ಅಷ್ಟು ಜನಕ್ಕೆ ಕುಡಿಯೋ ನೀರು ಬೇಕಂದ್ರೆ ಯಾರ ಮನೆ ಬ್ಯಾರಲ್ ತುಂಬಿದೆ ಅಂತ ವಾರದ ಮುಂಚೆಯೇ ಕಣ್ಣಿಟ್ಟಿರಬೇಕು. ಸ್ತ್ರೀ ಸಂಘದವರು ಇದನ್ನೆಲ್ಲ ಸುಮ್ನೆ ಮಾಡಿಕೊಂಡು ಹೋಗುತ್ತಿದ್ದರು. ಚೀಟಿ ಇಲ್ಲ, ಮೀಟಿಂಗ್ ಇಲ್ಲ.

ಇದರ ಜೊತೆ ಹಿಡಿ ಜೋಳ. ಬೇರೆ ಕಡೆ ಹಿಡಿ ಅಕ್ಕಿ ಅಂತಾರೆ. ಲೆಂಟ್ ಹೊತ್ತಿಗೆ ನಮ್ಮ ಕಡೆ ಹಿಂಗಾರಿ ಬಿಳಿಜೋಳ ಮನೆಗೆ ಬಂದಿರುತ್ತದೆ. ದಿನಕ್ಕೊಂದು ಹಿಡಿ ತೆಗೆದು ಬೇರೆ ಚೀಲದಲ್ಲಿ ಇಡೋದು, ಭಾನುವಾರ ತಂದು ಸಭೆಯ ದೊಡ್ಡ ಚೀಲಕ್ಕೆ ಸುರಿಯೋದು. ಮಟನ್ ಬಿಟ್ಟೆ ಅಂತ ಬೀಗಬೇಡ, ನಿನ್ನ ತಾಟಿನಿಂದ ಇನ್ನೊಬ್ಬರ ತಾಟಿಗೆ ಏನು ಹೋಯಿತು ಹೇಳು ಅನ್ನುವ ಲೆಕ್ಕ. ಶುಭ ಶುಕ್ರವಾರ ಮೂರು ಗಂಟೆ ಮೇಲೆ ಎಲ್ಲರೂ ಅದರದ್ದೇ ನುಚ್ಚು, ಮಜ್ಜಿಗೆ ಉಂಡು ಉಪವಾಸ ಬಿಡುತ್ತಾರೆ. ಉಳಿದದ್ದು ಕಷ್ಟದಲ್ಲಿರುವ ಮನೆಗಳಿಗೆ ಹೋಗುತ್ತದೆ.

ನಾನು ಒಂದು ವಾಟ್ಸಾಪ್ ಗ್ರೂಪ್ ಮಾಡಿದೆ. ಒಂದು ಎಕ್ಸೆಲ್ ಶೀಟ್ ಮಾಡಿದೆ. ಕಿರಾಣಿ ಅಂಗಡಿಯಿಂದ ಕಾಟಾ ತಂದು ದೊಡ್ಡ ಚೀಲದ ಪಕ್ಕ ಇಟ್ಟೆ. ಸುರಿಯುವ ಮುಂಚೆ ತೂಗಬೇಕು, ಮನೆವಾರು ಬರೆಯಬೇಕು. ಹಿರಿಯರೊಬ್ಬರು "ಕಾಣಿಕೆ ತೂಗಬ್ಯಾಡೋ ತಮ್ಮಾ" ಅಂದರು. "ವಾರ್ಷಿಕ ವರದಿಯಲ್ಲಿ ವಂತಿಗೆ ಕೊಟ್ಟವರ ಹೆಸರು ಅಚ್ಚು ಹಾಕಿಸ್ತೀರಲ್ಲ, ಇದಕ್ಕೇನು?" ಅಂದೆ. ಅವರ ಹತ್ತಿರ ಉತ್ತರ ಇರಲಿಲ್ಲ. ಸಭಾಪಾಲಕರಿಗೆ (ಪಾಸ್ಟರ್) ನಮ್ಮದಲ್ಲದೆ ಇನ್ನೂ ಮೂರು ಸಭೆಗಳ ಓಡಾಟ. "ನೋಡಿ ಮಾಡಪಾ" ಅಂದು ಬೈಕ್ ಹತ್ತಿದರು.

ಈಗ ಮಾರ್ಚ್ 31, ಲೆಂಟಿನ ನಾಲ್ಕನೇ ಭಾನುವಾರ.

ನಮ್ಮಲ್ಲೊಬ್ಬರು ವಯಸ್ಸಾದ ಅಕ್ಕೋರಿದ್ದಾರೆ. ಬಾಲವಾಡಿ ನಡೆಸಿ ನಿವೃತ್ತರಾದವರು, ಒಬ್ಬರೇ ಇರುತ್ತಾರೆ. ಅವರ ಚೀಲ ಹಳೇ ಇಳಕಲ್ ಸೀರೆಯ ಸೆರಗಿನಿಂದ ಹೊಲಿದದ್ದು. ಅದನ್ನು ತೂಗಿ ಇಳಿಸಿದೆ, 350 ಗ್ರಾಂ. ಮೂರು ಜನ ಆದಮೇಲೆ ನನ್ನ ಗೆಳೆಯನ ಹೆಂಡತಿ ಬಂದಳು. ಅವಳ ಚೀಲವೂ ಅದೇ ಸೆರಗು. ಅದೇ ಕೆಂಪು, ಅದೇ ಬಿಳಿ ದಾರದ ಕೈಹೊಲಿಗೆ, ಬಾಯಿಗೆ ಅದೇ ತರಹದ ಗಂಟು. ತೂಕವೂ ಹೆಚ್ಚುಕಡಿಮೆ ಅಷ್ಟೇ. ಕೈ ಹಾಕಿ ನೋಡಿದೆ. ಎರಡರಲ್ಲೂ ಜೋಳದ ನಡುವೆ ಅಲ್ಲೊಂದು ಇಲ್ಲೊಂದು ಕುಸುಬಿ ಕಾಳು. ಅಕ್ಕೋರ ಜೋಳ ರೋಣದ ಕಡೆ ಇರುವ ತಮ್ಮನ ಹೊಲದಿಂದ ಬರುತ್ತದೆ, ಅಲ್ಲಿ ಜೋಳದ ನಡುವೆ ಕುಸುಬಿ ಅಕ್ಕಡಿ ಸಾಲು ಹಾಕುತ್ತಾರೆ. ಪೇಟೆಯಲ್ಲಿ ಹಸನು ಮಾಡಿದ ಜೋಳ ಕೊಂಡವರ ಚೀಲದಲ್ಲಿ ಕುಸುಬಿ ಬರಲ್ಲ. ನನಗೆ ಒಳ್ಳೇ ಪತ್ತೇದಾರಿ ಮಾಡಿದಷ್ಟು ಖುಷಿ ಆಯಿತು. ನಿಜ ಹೇಳ್ತಿದ್ದೀನಿ, ಖುಷಿ ಆಯಿತು.

ಮನೆಗೆ ಬಂದು ಶೀಟ್ ಸರಿಪಡಿಸಿದೆ. ಗೆಳೆಯನ ಮನೆಯ ಸಾಲಿನಲ್ಲಿದ್ದ ತೂಕವನ್ನೆಲ್ಲ ತೆಗೆದು ಅಕ್ಕೋರ ಸಾಲಿಗೆ ಸೇರಿಸಿದೆ. ಆ ವಾರದ್ದಷ್ಟೇ ಅಲ್ಲ, ಹಿಂದಿನ ಮೂರು ವಾರದ್ದೂ. ಷರಾ ಕಾಲಮ್ಮಿನಲ್ಲಿ "ಎರಡೂ ಚೀಲ ಒಂದೇ ಮನೆಯದು" ಅಂತ ಬರೆದೆ. ಸೊನ್ನೆ ಬಂದ ಕಡೆ ತಾನಾಗಿ ಕೆಂಪಾಗುವ ಹಾಗೆ ಮೊದಲೇ ಮಾಡಿಟ್ಟಿದ್ದೆ. ಗೆಳೆಯನ ಹೆಸರಿನ ಮುಂದೆ ನಾಲ್ಕು ಕೆಂಪು ಸೊನ್ನೆ ಬಂದವು. ಫೋಟೋ ತೆಗೆದು ಗ್ರೂಪಿಗೆ ಹಾಕಿ, ಊಟ ಮಾಡಿ ಮಲಗಿದೆ.

ಐದಕ್ಕೆ ಎದ್ದಾಗ ಮೊದಲು ನಾಲ್ಕು ಹೆಬ್ಬೆರಳು. ಆಮೇಲೆ ಯಾರೋ ಒಬ್ಬರು, "ಅಂದ್ರ ಇವರು ನಾಕು ವಾರ ಬರೀ ಚೀಲ ಹಿಡಕೊಂಡು ಬಂದ್ರೇನು?" ಅದರ ಕೆಳಗೆ ನಗುವ ಮುಖಗಳು. ಅದರ ಕೆಳಗೆ, ಗೆಳೆಯ ಗ್ರೂಪ್ ಬಿಟ್ಟ ಸಾಲು. ಅಳಿಸೋಣ ಅಂದ್ರೆ ಆಗಿನ ವಾಟ್ಸಾಪ್‌ನಲ್ಲಿ ಒಂದು ತಾಸಿನ ಮೇಲಾದರೆ ಎಲ್ಲರ ಫೋನಿನಿಂದ ಅಳಿಸಲು ಬರುತ್ತಿರಲಿಲ್ಲ.

ಅವನಿಗೆ ಮಗ್ಗದ ಕೆಲಸ ತಪ್ಪಿ ಎಂಟು ತಿಂಗಳಾಗಿತ್ತು. ನನಗೆ ಗೊತ್ತಿರಲಿಲ್ಲ. ಅಕ್ಕೋರಿಗೆ ಗೊತ್ತಿತ್ತು. ಮನೆಗೆ ಬೇಕಾದ ಜೋಳ ಕೊಡುವಾಗ, ಭಾನುವಾರ ಬರಿಗೈಲಿ ಬರಬಾರದು ಅಂತ ಒಂದು ಸಣ್ಣ ಚೀಲವನ್ನೂ ಹೊಲಿದು ಕೊಟ್ಟಿದ್ದರು. ನನಗೆ ಹನ್ನೆರಡನೇ ವಯಸ್ಸಿನಲ್ಲಿ ಹಾರ್ಮೋನಿಯಂ ಮೇಲೆ ಬೆರಳಿಡಲು ಕಲಿಸಿದವನು ಅವನೇ.

ನನ್ನ ತಪ್ಪು ಎಲ್ಲಿತ್ತು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಈ ಕಥೆ ಕೇಳಿದವರೆಲ್ಲ "ಗ್ರೂಪಿಗೆ ಹಾಕಬಾರದಿತ್ತು" ಅಂತಾರೆ. ಹೌದು, ಹಾಕಬಾರದಿತ್ತು. ಆದರೆ ಅದು ಎರಡನೇ ತಪ್ಪು. ಮೊದಲನೇದು ಆ ಅಂಕಿಯನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ಸರಿಸಿದ್ದು. ಆಫೀಸಿನಲ್ಲಿ ತಪ್ಪು ತಲೆಬರಹದ ಕೆಳಗೆ ಹೋದ ಖರ್ಚನ್ನು ಸರಿಸಿ ಸರಿಸಿ ಕೈಗೆ ರೂಢಿ ಬಿದ್ದಿತ್ತು. ಒಂದೇ ಸೆರಗು ಎರಡು ಮನೆಯಲ್ಲಿ ಕಂಡರೆ ಯಾಕೆ ಅಂತ ಕೇಳಬೇಕಿತ್ತು, ಅಥವಾ ಕೇಳದೆ ಸುಮ್ಮನಿರಬೇಕಿತ್ತು. ನಾನು ಕೇಳಲೂ ಇಲ್ಲ, ಸುಮ್ಮನಿರಲೂ ಇಲ್ಲ. ಇನ್ನೊಂದು ಮಾತು, ಇದು ನನಗೆ ಹೊಳೆಯಲು ವರ್ಷ ಬೇಕಾಯಿತು. ಲೆಕ್ಕದ ಪ್ರಕಾರವೂ ನನ್ನ ಎಂಟ್ರಿ ತಪ್ಪು! ಅಕ್ಕೋರು ಕೊಟ್ಟ ಮೇಲೆ ಆ ಜೋಳ ಅವನ ಮನೆಯದು. ಅದನ್ನು ರೊಟ್ಟಿ ಮಾಡಿ ಉಣ್ಣಬಹುದಿತ್ತು. ಮನೆಯಲ್ಲಿ ಎರಡು ಮಕ್ಕಳಿದ್ದೂ ಉಣ್ಣದೆ ಸಭೆಗೆ ತಂದರು. ಆ ಶೀಟಿನಲ್ಲಿ ಎಲ್ಲರಿಗಿಂತ ಜಾಸ್ತಿ ಕೊಟ್ಟ ಮನೆಗೆ ನಾನು ಸೊನ್ನೆ ಹಾಕಿದ್ದೆ.

ಮಾರನೇ ದಿನ ಅವನ ಮನೆಗೆ ಹೋದೆ. "ಅವರು ಊರಾಗಿಲ್ಲ" ಅಂತ ಒಳಗಿನಿಂದಲೇ ಉತ್ತರ. ಅವನ ಚಪ್ಪಲಿ ಬಾಗಿಲಲ್ಲೇ ಇದ್ದವು. ಯುಗಾದಿ ಆದಮೇಲೆ ಇನ್ನೊಮ್ಮೆ ಹೋದೆ, ಆಗಲೂ ಅದೇ. ಗರಿಗಳ ಭಾನುವಾರ ಅವನ ಮಗ ಮೆರವಣಿಗೆಯ ಮುಂದೆ ಗರಿ ಹಿಡಿಯಬೇಕಿತ್ತು, ಬೇರೆ ಹುಡುಗ ಹಿಡಿದ. ಶುಭ ಶುಕ್ರವಾರ ಹಾರ್ಮೋನಿಯಂ ಮುಚ್ಚಿಯೇ ಇತ್ತು. ನಮ್ಮ ಹಳೇ ಜರ್ಮನ್ ರಾಗಗಳನ್ನು ಶ್ರುತಿ ಇಲ್ಲದೆ ಎತ್ತಿದರೆ ಏನಾಗುತ್ತೆ ಅಂತ ನಿಮಗೂ ಗೊತ್ತಿರಬಹುದು. ತೀರಾ ಮೇಲಿಂದ ಶುರು ಮಾಡಿ ಮೂರನೇ ಸಾಲಿಗೆ ಎಲ್ಲರೂ ನಿಂತರು. ನಾಲ್ಕು ದಿನ ಬಿಟ್ಟು ಲೋಕಸಭೆ ಮತದಾನ. ಆ ಮೌನದಲ್ಲಿ ಹೊರಗೆ ಪ್ರಚಾರದ ಆಟೋ ಕೂಗುತ್ತಾ ಹೋಯಿತು. ಮೂರು ಗಂಟೆಗೆ ಅಕ್ಕೋರು ಎಲ್ಲರಿಗೂ ಬಡಿಸಿದ ಹಾಗೆ ನನಗೂ ನುಚ್ಚು ಬಡಿಸಿದರು. ಒಂದು ಮಾತು ಬೈಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. "ಜನ ಕೈ ಜೋಡಿಸುತ್ತಿಲ್ಲ" ಅಂದಿರಲ್ಲ, ನಾನು ಒಪ್ಪಲ್ಲ. ಹೋದ ವರ್ಷ ನಿಮ್ಮ ಸಭೆಯಲ್ಲಿ ಶುಭ ಶುಕ್ರವಾರ ನಡೆಯಿತು ತಾನೇ? ಚಾಪೆ ಯಾರು ಝಾಡಿಸಿದರು? ನೀರು ಯಾರು ತುಂಬಿದರು? ಆರಾಧನೆಗೆ ಬರಲಾಗದೆ ಮಲಗಿದವರ ಮನೆಗೆ ಊಟ ಯಾರು ಒಯ್ದರು? ನಿಮಗೆ ಗೊತ್ತಿಲ್ಲ ಅಂದ್ರೆ ಯಾರೂ ಮಾಡಲಿಲ್ಲ ಅಂತ ಅಲ್ಲ. ನಿಮಗೆ ಹೇಳದೆ ಮಾಡಿದರು ಅಷ್ಟೇ. ಈ ಲೆಂಟ್ ಪೂರ್ತಿ ಏನನ್ನೂ ವ್ಯವಸ್ಥಿತ ಮಾಡಬೇಡಿ. ಸ್ತ್ರೀ ಸಂಘದ ಹಿರಿಯ ಹೆಂಗಸು ಯಾರಿದ್ದಾರೆ ನೋಡಿ, ಅವರ ಹತ್ತಿರ ಹೋಗಿ "ನಾ ಏನು ಹೊರಲಿ?" ಅಂತ ಕೇಳಿ. ಕೊಡ ಅಂದ್ರೆ ಕೊಡ, ಕುರ್ಚಿ ಅಂದ್ರೆ ಕುರ್ಚಿ. ಜಾಲಿ ಕಡಿಯಲು ಮಾತ್ರ ಯುವಕರಿಗೆ ಮುಂಚೆ ಹೇಳಿ, ಕುಡಗೋಲು ಸಾಲಲ್ಲ, ಕೊಡಲಿ ಬೇಕು. ರೊಕ್ಕದ ಲೆಕ್ಕ ಬೇರೆ, ಅದನ್ನು ಪೈಸೆ ಪೈಸೆ ಬರೆಯಿರಿ, ಖಜಾಂಚಿ ಜೊತೆ ಕೂತು ಬರೆಯಿರಿ. ನಾನು ಹೇಳ್ತಿರೋದು ಮನೆವಾರು ಪಟ್ಟಿಯ ಬಗ್ಗೆ. ಅದು ಬೇಡವೇ ಬೇಡ. ಉಪವಾಸ ಹಿಡಿದವರ ಪಟ್ಟಿಯನ್ನೂ ಮಾಡಬೇಕು ಅಂತ ಬರೆದಿದ್ದೀರಿ, ಅದನ್ನು ಓದಿ ಬೆನ್ನು ತಣ್ಣಗಾಯಿತು.

2020ರ ಲೆಂಟ್ ನಿಮಗೆ ನೆನಪಿರಬೇಕು. ಮಾರ್ಚ್ ಕೊನೆಗೆ ಲಾಕ್‌ಡೌನ್ ಬಿತ್ತು. ಸಭೆಗೆ ಬೀಗ. ಈಸ್ಟರ್ ಏಪ್ರಿಲ್ 12ಕ್ಕಿತ್ತು. ಅದಕ್ಕೂ ಒಂದು ವಾರ ಮುಂಚೆ ಅಕ್ಕೋರು ಫೋನ್ ಮಾಡಿದರು. ವರ್ಷದ ಮೇಲೆ ಅವರಾಗಿ ಮಾಡಿದ ಮೊದಲ ಫೋನ್. "ನಾಳೆ ಹಾಲಿನ ಹೊತ್ತಿಗೆ ಬಾ. ಪೆನ್ನು ತರಬ್ಯಾಡ."

ಹೋದೆ. ಕಟ್ಟೆ ಮೇಲೆ ಆರು ಚೀಲ ಇಟ್ಟಿದ್ದರು. ಯಾವ ಚೀಲ ಯಾವ ಮನೆಗೆ ಅಂತ ಬಾಯಲ್ಲೇ ಹೇಳಿದರು, ನನ್ನ ಕಡೆಯಿಂದ ಎರಡು ಸಲ ಹೇಳಿಸಿದರು. ಬಾಗಿಲು ಬಡಿಯಬ್ಯಾಡ, ಇಟ್ಟು ಬಾ ಅಂದರು. ಐದು ಮನೆ ಹಾಗೇ ಆಯಿತು. ಆರನೇದು ಅವನದು.

ಚೀಲ ಇಳಿಸುವಾಗ ನಾಯಿ ಬೊಗಳಿತು. ಬಾಗಿಲು ತೆಗೆದ. ಮೂಗಿಗೆ ಟವೆಲ್ ಸುತ್ತಿಕೊಂಡಿದ್ದ, ನಾನೂ ಹಾಗೇ. ಸ್ವಲ್ಪ ಹೊತ್ತು ಚೀಲ ನೋಡಿದ.

"ಎಷ್ಟ್ ಕೆ.ಜಿ. ಐತಿ?" ಅಂದ.

"ತೂಗಿಲ್ಲ" ಅಂದೆ.

ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದ. ಅವರು ಈಗ ಬೇರೆ ಸಭೆಗೆ ಹೋಗುತ್ತಾರೆ, ಅಲ್ಲಿ ಹಾರ್ಮೋನಿಯಂ ಅವನೇ ನುಡಿಸುತ್ತಾನಂತೆ. ನಮ್ಮದನ್ನು ನಾನು ನುಡಿಸುತ್ತೇನೆ, ಅಷ್ಟೇನೂ ಚೆನ್ನಾಗಿಲ್ಲ.