ನೊರೆ ಕೆಸರಾಗುವುದು ಯಾಕೆ
ಎಣ್ಣೆಬಣ್ಣದಲ್ಲಿ ಸಮುದ್ರ ಬರೆಯುವಾಗ ಅಲೆಯ ನೊರೆ ಬೆಳ್ಳಗೆ ಬರುವುದಿಲ್ಲ, ಬೂದು ಕೆಸರಾಗುತ್ತದೆ ಎಂದು ಕೇಳಿದ್ದೀರಿ. ತಪ್ಪು ಬಣ್ಣದ್ದಲ್ಲ, ಕೈಯದ್ದು ಅನಿಸುತ್ತದೆ. ಹಸಿ ನೀಲಿಯ ಮೇಲೆ ಬಿಳಿ ಇಟ್ಟು ಮತ್ತೆ ಮತ್ತೆ ತಿಕ್ಕುತ್ತಿದ್ದೀರಿ, ಅಲ್ವಾ? ನಾನೂ ಹಾಗೇ ಮಾಡುತ್ತಿದ್ದೆ. ನನ್ನ ಮೊದಲ ಸಮುದ್ರ ಪಾತ್ರೆ ತೊಳೆದ ನೀರಿನಂತಿತ್ತು.

ಕೆಳಗಿನ ನೀಲಿ ತೆಳ್ಳಗಿರಲಿ, ಬಣ್ಣ ತೆಳುಮಾಡುವ ಟರ್ಪೆಂಟೈನ್ ಸ್ವಲ್ಪ ಸೇರಿಸಿ. ಬಿಳಿ ಮಾತ್ರ ಟ್ಯೂಬಿನಿಂದ ಬಂದಷ್ಟೇ ದಪ್ಪ. ಬ್ರಷ್ ತುಂಬ ಬಣ್ಣ ತೆಗೆದುಕೊಂಡು, ಅದನ್ನು ಮಲಗಿಸಿ ಹಿಡಿದು, ಒಂದೇ ಸಲ ಎಳೆದು ಎತ್ತಿಬಿಡಿ. ಬಟ್ಟೆಯಲ್ಲಿ ಒರೆಸದೆ ಎರಡನೇ ಗೆರೆ ಎಳೆಯಬೇಡಿ; ಕೂದಲ ತುದಿಗೆ ನೀಲಿ ಅಂಟಿರುತ್ತದೆ.

ಸುಮ್ನೆ ಎಲ್ಲ ಕಡೆ ಅಪ್ಪಟ ಬಿಳಿಯೂ ಬೇಡ. ನೆರಳಿನ ನೊರೆಗೆ ತುಸು ನೇರಳೆ, ಬಿಸಿಲಿನ ನೊರೆಗೆ ಚೂರು ಹಳದಿ. ಫ್ರೆಂಚ್ ಚಿತ್ರಕಾರ ಮೋನೆ 1872ರಲ್ಲಿ ಬರೆದ, ಫ್ರಾನ್ಸಿನ ಲೆ ಹಾವ್ರ್ ಬಂದರಿನ ಸೂರ್ಯೋದಯದ ಚಿತ್ರವನ್ನು ಫೋನಿನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ. ಸೂರ್ಯ ಹೆಚ್ಚುಕಡಿಮೆ ಮಾಯ! ಅಲ್ಲಿ ಹೊಳಪು ಬಂದದ್ದು ಕಿತ್ತಳೆ-ನೀಲಿಯ ಜಗಳದಿಂದ, ಬಿಳಿಯಿಂದಲ್ಲ.

ಕಪ್ಪು ಟ್ಯೂಬ್ ಮುಟ್ಟಲೇಬೇಡಿ. ಅಲ್ಟ್ರಾಮರೀನ್ ಎಂಬ ಗಾಢ ನೀಲಿಯ ಜೊತೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ಗಾಢ ನೀರಿಗೆ ಸಾಕು. ಆಗಲೂ ಕೆಸರಾದರೆ ಆ ಜಾಗವನ್ನಷ್ಟೇ ಚಾಕುವಿನಿಂದ ಕೆರೆದು ಮತ್ತೆ ಹಚ್ಚಿ.