ಎಲೆಕ್ಟ್ರಿಕ್ ಬೈಕ್: ಚಾರ್ಜರ್ ಗಾಡಿಯೊಳಗೇ ಇರಬೇಕಾ, ಬೇರೆ ಇರಬೇಕಾ?

ಆಳಂದದಿಂದ ಕಲಬುರಗಿಗೆ ದಿನಾ ಕೆಲಸಕ್ಕೆ ಹೋಗಿ ಬರುತ್ತೀರಿ, ನೋಡಿಟ್ಟಿರುವ ಎರಡು ಬೈಕುಗಳಲ್ಲಿ ಒಂದಕ್ಕೆ ಚಾರ್ಜರ್ ಒಳಗೇ ಇದೆ, ಇನ್ನೊಂದಕ್ಕೆ ಬೇರೆ ಕೊಡುತ್ತಾರೆ, ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ನಿಮ್ಮ ಓಡಾಟಕ್ಕೆ ಒಳಗಿರುವುದೇ ಸರಿ. ಆದರೆ ಮನೆಯ ಅರ್ಥಿಂಗ್ ನೋಡಿಕೊಳ್ಳದೆ ತಗೋಬೇಡಿ. ನಾನು ಕಲಬುರಗಿಯಲ್ಲಿ ಇನ್ವರ್ಟರ್, ಯುಪಿಎಸ್, ಚಾರ್ಜರ್ ರಿಪೇರಿ ಮಾಡುವವನು, ಈ ಡಬ್ಬಿಗಳನ್ನು ಬಿಚ್ಚಿ ನೋಡುವುದೇ ಕೆಲಸ.

ಒಳಗಿರಲಿ ಅನ್ನುವುದಕ್ಕೆ ಕಾರಣ ನಿಮ್ಮ ದಾರಿ. ಒಂದು ಕಡೆಗೇ 40 ಕಿಲೋಮೀಟರಿನ ಆಸುಪಾಸು ಆಗುತ್ತದೆ. ಬೈಕು ಕಿಲೋಮೀಟರಿಗೆ ಅಂದಾಜು 30ರಿಂದ 40 ವ್ಯಾಟ್-ಅವರ್ ತಿನ್ನುತ್ತದೆ ಅಂದರೆ, ಬೆಳಿಗ್ಗೆ ಬಂದು ಮುಟ್ಟುವಷ್ಟರಲ್ಲಿ ಒಂದೂವರೆ ಯೂನಿಟ್ (ಸಾವಿರ ವ್ಯಾಟ್-ಅವರ್ ಅಂದರೆ ಒಂದು ಯೂನಿಟ್) ಖಾಲಿ. 950 ವ್ಯಾಟಿನ ಚಾರ್ಜರ್ ಇದ್ದರೆ ಎರಡು ತಾಸು ಹಚ್ಚಿದರೆ ಅದು ವಾಪಸ್ ತುಂಬುತ್ತದೆ, ಅದೂ ಆಫೀಸಿನ ಮಾಮೂಲಿ 6 ಆಂಪ್ ಸಾಕೆಟ್ಟಿನಲ್ಲೇ, ಏಕೆಂದರೆ ಎಳೆಯುವುದು ನಾಲ್ಕು ಆಂಪ್ ಚಿಲ್ಲರೆ ಅಷ್ಟೇ. ಬೇರೆ ಚಾರ್ಜರ್ ಆದರೆ ಅದನ್ನು ದಿನಾ ಹೊತ್ತು ತರಬೇಕು. ಸ್ಕೂಟರಿಗೆ ಸೀಟಿನ ಕೆಳಗೆ ಜಾಗ ಇರುತ್ತದೆ, ಬೈಕಿಗೆ ಎಲ್ಲಿದೆ? ಬುತ್ತಿ, ಮಳೆ ಕೋಟು ಎಲ್ಲ ಇರುವ ಬ್ಯಾಗಿನಲ್ಲೇ ಇನ್ನೂ ಮೂರ್ನಾಲ್ಕು ಕೆಜಿ ಸೇರಿತು. ಒಂದು ವಾರ ತರುತ್ತೀರಿ, ಆಮೇಲೆ ಭಾರ ಯಾಕೆ ಅಂತ ಮನೆಯಲ್ಲೇ ಬಿಡುತ್ತೀರಿ. ಎದುರು ಗಾಳಿ ಜೋರಾಗಿ ಬೀಸಿ ಚಾರ್ಜ್ ಬೇಗ ಇಳಿದ ದಿನವೇ ಅದು ಬೇಕಾಗುವುದು, ಅಲ್ವಾ?

ಇನ್ನು ಅರ್ಥಿಂಗ್. ಇದನ್ನು ಶೋರೂಮಿನವರು ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಚಾರ್ಜರಿನ ಒಳಗೆ ಬಾಯಿಯಲ್ಲೇ ಒಂದು ಫಿಲ್ಟರ್ ಇರುತ್ತದೆ. ಅದರಲ್ಲಿ ಎರಡು ಚಿಕ್ಕ ಕೆಪಾಸಿಟರ್, ಒಂದು ಫೇಸಿನಿಂದ ಅರ್ಥಿಗೆ, ಇನ್ನೊಂದು ನ್ಯೂಟ್ರಲ್ಲಿನಿಂದ ಅರ್ಥಿಗೆ. ಅರ್ಥ್ ಸರಿ ಇದ್ದರೆ ಸೋರುವ ಆ ಚೂರು ಕರೆಂಟ್ ನೆಲಕ್ಕೆ ಹೋಗುತ್ತದೆ, ಗೊತ್ತೂ ಆಗುವುದಿಲ್ಲ. ಇಲ್ಲದಿದ್ದರೆ ಲೋಹದ ಮೈ ಮೇಲೆ ಸುಮಾರು 115 ವೋಲ್ಟ್ ಬಂದು ಕೂರುತ್ತದೆ. ಬೇರೆ ಡಬ್ಬಿಯಾದರೆ ಸಾಮಾನ್ಯವಾಗಿ ಆ ಡಬ್ಬಿ ಮಾತ್ರ ಝುಮ್ ಅನ್ನುತ್ತದೆ. ಒಳಗಿನ ಚಾರ್ಜರಿನ ಮೈ ಬೈಕಿನ ಚಾಸಿಗೇ ಬೋಲ್ಟ್ ಆಗಿರುವುದರಿಂದ ಹ್ಯಾಂಡಲ್, ಸ್ಟ್ಯಾಂಡ್ ಎಲ್ಲ ಝುಮ್ ಅನ್ನುತ್ತದೆ, ಅದರಲ್ಲೂ ಒದ್ದೆ ಫರ್ಸಿ ಮೇಲೆ ಬರಿಗಾಲಲ್ಲಿ ನಿಂತರೆ. ಇಷ್ಟೇ ಕರೆಂಟಿಗೆ ಪ್ರಾಣ ಹೋಗುವುದಿಲ್ಲ ಸರಿ, ಆದರೆ ಅರ್ಥ್ ಇಲ್ಲದ ಮನೆಯಲ್ಲಿ ಒಳಗೆ ನಿಜವಾಗಿ ಏನಾದರೂ ಶಾರ್ಟ್ ಆದರೆ ಪೂರ್ತಿ 230 ಬರುತ್ತದೆ, ಗಾಡಿ ಮುಟ್ಟುವುದು ಮನೆಯ ಮಗು. ಕೆಲವು ಚಾರ್ಜರ್ ಅರ್ಥ್ ಇಲ್ಲದಿದ್ದರೆ ಶುರುವೇ ಆಗುವುದಿಲ್ಲ. ಅದು ಚಾರ್ಜರಿನ ದೋಷ ಅಲ್ಲ. ಸುಮ್ನೆ ಮೂರನೇ ಪಿನ್ನಿಗೆ ನ್ಯೂಟ್ರಲ್ ಕೊಟ್ಟು ಲೈಟ್ ಹತ್ತಿಸಿಕೊಡುವವರೂ ಇದ್ದಾರೆ, ದಯವಿಟ್ಟು ಹಾಗೆ ಮಾಡಿಸಿಕೊಳ್ಳಬೇಡಿ.

ಕೆಟ್ಟಾಗ ಏನು ಅಂತಲೂ ಕೇಳಿದ್ದೀರಿ. ಒಳಗಿನದರ ದೊಡ್ಡ ತೊಂದರೆ ಇದೇ. ನೀರು, ಅಲುಗಾಟ ತಡೆಯಲಿ ಅಂತ ಒಳಗೆಲ್ಲ ರಬ್ಬರಿನಂಥ ಗೋಂದು ಸುರಿದಿರುತ್ತಾರೆ. ನನ್ನಂಥವನಿಗೆ ಅದನ್ನು ಕೆರೆದು ಒಂದು ಡಯೋಡ್ ಬದಲಿಸುವುದು ಆಗದ ಮಾತು, ಇಡೀ ಯೂನಿಟ್ ಬದಲಿಸಬೇಕು. ಅಲ್ಲಿಯವರೆಗೆ ಗಾಡಿಯೇ ಸರ್ವಿಸ್ ಸೆಂಟರಿನಲ್ಲಿ. ಬೇರೆ ಚಾರ್ಜರ್ ಆದರೆ ಡಬ್ಬಿ ಕೊಟ್ಟು ಬರುತ್ತೀರಿ, ಅದೇ ಮಾಡೆಲ್ ಇರುವ ಗೆಳೆಯನದು ಎರಡು ದಿನಕ್ಕೆ ಇಸಕೊಳ್ಳುತ್ತೀರಿ. ಹಳ್ಳಿ ಕಡೆ ಕಂಬದ ಮೇಲೆ ನ್ಯೂಟ್ರಲ್ ಕಡಿದರೆ 230 ಇರಬೇಕಾದದ್ದು 350 ದಾಟಬಹುದು, ಆ ಹೊತ್ತಿಗೆ ಹಚ್ಚಿದ್ದ ಟಿವಿ, ಚಾರ್ಜರ್ ಯಾವುದನ್ನೂ ಅದು ಬಿಡುವುದಿಲ್ಲ.

ಬಿಸಿಲಿನ ವಿಷಯದಲ್ಲಿ ಎರಡಕ್ಕೂ ಕಷ್ಟ ಇದೆ. ಎಳೆದ ಕರೆಂಟಿನಲ್ಲಿ ನೂರಕ್ಕೆ ಹತ್ತರಷ್ಟು ಶಾಖ ಆಗುತ್ತದೆ ಅಂದುಕೊಳ್ಳಿ. ಗಾಡಿ ನಿಂತಿರುವಾಗ ಗಾಳಿ ಇಲ್ಲ. ಮೇ ತಿಂಗಳ 43 ಡಿಗ್ರಿಯಲ್ಲಿ ಪತ್ರಾಸಿನ ಶೆಡ್ಡಿನ ಕೆಳಗೆ ಹಚ್ಚಿದರೆ ಒಳಗಿನ ಚಾರ್ಜರ್ ತಾನಾಗಿಯೇ ಕರೆಂಟ್ ಇಳಿಸಿಕೊಳ್ಳುತ್ತದೆ, ಎರಡು ತಾಸಿನದು ಮೂರು ತಾಸು. ಕೆಪಾಸಿಟರಿನ ಆಯಸ್ಸು ಪ್ರತಿ 10 ಡಿಗ್ರಿಗೆ ಅರ್ಧ ಇಳಿಯುತ್ತದೆ ಅನ್ನುವುದು ನಮ್ಮ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ಹಾಗಂತ ಫ್ಯಾನ್ ಇರುವ ಹೊರಗಿನ ಡಬ್ಬಿ ಮೇಲು ಅನ್ನಲಾರೆ. ಶಹಾಬಾದ್, ಸೇಡಂ ಕಡೆಯಿಂದ ಬಂದ ಚಾರ್ಜರ್ ಬಿಚ್ಚಿದರೆ ಫ್ಯಾನಿನ ರೆಕ್ಕೆ ಮೇಲೆ ಸಿಮೆಂಟಿನ ಬೂದಿ ಮಳೆಗಾಲದ ತೇವಕ್ಕೆ ಗಟ್ಟಿಯಾಗಿ ಕೂತಿರುತ್ತದೆ, ಫ್ಯಾನ್ ತಿರುಗುವುದೇ ಇಲ್ಲ. ಒಳಗಿನದಕ್ಕೆ ಈ ಧೂಳಿನ ಕಾಟ ಇಲ್ಲ.

ಮೇಲಿನ ಮಹಡಿಯಲ್ಲಿ ಮನೆ ಇದ್ದು ಬ್ಯಾಟರಿ ಬಿಚ್ಚಿ ಒಯ್ಯುವವರಿಗೆ ಒಳಗಿನ ಚಾರ್ಜರ್ ಉಪಯೋಗ ಇಲ್ಲ, ನಿಮ್ಮದು ನೆಲಮಹಡಿ ಅಂದಿದ್ದೀರಿ, ಬಿಡಿ. ಫಾಸ್ಟ್ ಚಾರ್ಜಿಂಗಿಗೂ ಒಳಗಿನ ಚಾರ್ಜರಿಗೂ ಸಂಬಂಧ ಇಲ್ಲ, ಅಲ್ಲಿ ಡಿಸಿ ಕರೆಂಟ್ ನೇರ ಬ್ಯಾಟರಿಗೆ ಹೋಗುತ್ತದೆ. ಆ ಪೋರ್ಟ್ ಕೂಡ ಇದ್ದರೆ ಭಾಳ ಒಳ್ಳೆಯದು, ಒಳಗಿನದು ಕೆಟ್ಟ ದಿನ ಗಾಡಿ ಮೂಲೆಗೆ ಬೀಳುವುದಿಲ್ಲ.

ಬುಕ್ ಮಾಡುವ ಮೊದಲು ವಾರಂಟಿ ಮುಗಿದ ಮೇಲೆ ಒಳಗಿನ ಚಾರ್ಜರಿನ ಬೆಲೆ ಎಷ್ಟು, ಸ್ಟಾಕು ಕಲಬುರಗಿಯಲ್ಲೇ ಇರುತ್ತದಾ ಅಂತ ಕೇಳಿ, ಬರೆಸಿಕೊಳ್ಳಿ. ಮನೆಯಲ್ಲಿ ಅರ್ಥ್ ಪಿಟ್ ತೆಗೆಸಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿಯೇ ಕಟ್ ಮಾಡುವ ಸ್ವಿಚ್) ಹಾಕಿಸಿ, ಅದರ ಜೊತೆಗೇ ವೋಲ್ಟೇಜ್ ಏರಿದರೆ ಕಟ್ ಮಾಡುವ ರಿಲೇ ಒಂದು. ಈಗಿರುವ ಅರ್ಥ್ ಹೇಗಿದೆ ನೋಡಬೇಕಾದರೆ ಎಲೆಕ್ಟ್ರಿಷಿಯನ್ ಕೈಲಿ ಫೇಸಿಗೂ ಅರ್ಥಿಗೂ ನಡುವೆ 100 ವ್ಯಾಟಿನ ಹಳೇ ಬುರುಡೆ ಬಲ್ಬ್ ಹಚ್ಚಿಸಿ ನೋಡಿ. ಆರ್‌ಸಿಸಿಬಿ ಹಾಕುವ ಮೊದಲೇ ನೋಡಿಸಿ, ಹಾಕಿದ ಮೇಲೆ ಟ್ರಿಪ್ ಆಗುತ್ತದೆ. ಬಲ್ಬ್ ಮಂಕಾಗಿ ಉರಿದರೆ ಅಥವಾ ಹತ್ತದೇ ಇದ್ದರೆ ಗಾಡಿಗಿಂತ ಮೊದಲು ಪಿಟ್ಟಿನ ಕೆಲಸ ಹಿಡಿಯಿರಿ.