ತೋಟ ಸುತ್ತಿದ್ದು ಲೆಕ್ಕಕ್ಕಿಲ್ಲವೇ?

ಪ್ರಶ್ನೆ: ನನಗೆ 54 ವರ್ಷ. ಎರಡು ಎಕರೆ ಅಡಿಕೆ ತೋಟವಿದೆ. ಕಳೆದ ತಿಂಗಳು ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ) 6.2 ಬಂತು. ಸದ್ಯ ಮಾತ್ರೆ ಬೇಡ, ದಿನಾ ವಾಕಿಂಗ್ ಮಾಡಿ ಎಂದರು ಡಾಕ್ಟರು. ದಿನವಿಡೀ ತೋಟದಲ್ಲಿರುವವನಿಗೆ ಬೇರೆ ವಾಕಿಂಗ್ ಯಾಕೆ? ರಸ್ತೆಯಲ್ಲಿ ಸುಮ್ಮನೆ ನಡೆದರೆ ನೆರೆಕರೆಯವರು ನಗುತ್ತಾರೆ. ನಮ್ಮ ತಂದೆ ವಾಕಿಂಗ್ ಹೋದವರೇ ಅಲ್ಲ, 86ರವರೆಗೆ ಗಟ್ಟಿಯಾಗಿದ್ದರು.
– ಒಬ್ಬ ಕೃಷಿಕ, ಪೆರ್ಲ

ಉತ್ತರ: ತೋಟದ ಕೆಲಸ ಖಂಡಿತ ಲೆಕ್ಕಕ್ಕಿದೆ. ಯಾವ ಕೆಲಸ ಎಂಬುದಷ್ಟೇ ನನ್ನ ಪ್ರಶ್ನೆ. ನಿಮ್ಮ ತಂದೆಯವರು ಗುಡ್ಡೆಯಿಂದ ಸೊಪ್ಪಿನ ಕಟ್ಟ ಹೊತ್ತಿರಬೇಕು, ಹಾರೆ ಹಿಡಿದು ಕಣಿ ಬಿಡಿಸಿರಬೇಕು. ಈಗ ಸ್ವಿಚ್ಚು ಒತ್ತಿದರೆ ಸ್ಪ್ರಿಂಕ್ಲರು ತಿರುಗುತ್ತದೆ. ಹುಲ್ಲಿಗೆ ಮೆಷಿನು, ಸುಲಿಯಲು ಮೆಷಿನು, ಹಾಲಿನ ಡಿಪೋಗೆ ಸ್ಕೂಟರು. ಆಳುಗಳ ಹಿಂದೆ ಕೈಕಟ್ಟಿ ನಿಂತದ್ದಕ್ಕೆ ಮಾರ್ಕಿಲ್ಲ ಮಾರಾಯ್ರೆ! ನಾನೂ ತೋಟದ ಮನೆಯವನೇ. ಒಂದು ಭಾನುವಾರ ಇಡೀ ದಿನ ತೋಟದಲ್ಲಿದ್ದೆ ಎಂಬ ಹೆಮ್ಮೆಯಿಂದ ಫೋನು ತೆಗೆದು ಹೆಜ್ಜೆ ನೋಡಿದರೆ 2,300. ಹೆಂಡತಿಗೆ ಹೇಳಲಿಲ್ಲ.

ಲಂಡನ್ನಿನ ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಅಲ್ಲಿನ ಡಬಲ್ ಡೆಕ್ಕರ್ ಬಸ್ಸಿನ ಸಿಬ್ಬಂದಿಯ ಲೆಕ್ಕ ಪ್ರಕಟಿಸಿದರು. ಬಸ್ಸು ಒಂದೇ, ಆದರೂ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗಿಂತ ಕೂತೇ ಇರುವ ಡ್ರೈವರುಗಳಲ್ಲಿ ಹೃದಯದ ಕಾಯಿಲೆ ಜಾಸ್ತಿ. ತೋಟದಲ್ಲಿ ನೀವು ಡ್ರೈವರೋ ಕಂಡಕ್ಟರೋ, ನೀವೇ ನೋಡಿಕೊಳ್ಳಿ.

ನಾವು ಗಡಿನಾಡಿನವರು, ನಿಮ್ಮ ಸಕ್ಕರೆಯೂ ಗಡಿಯಲ್ಲೇ ನಿಂತಿದೆ. 5.7ರಿಂದ 6.4ರವರೆಗೆ ಆ ಗಡಿ, ದಾಟಿದರೆ ಮಧುಮೇಹ. ಇಲ್ಲಿಂದ ಹಿಂದೆ ಬರಲು ಸಾಧ್ಯ. ಅಮೆರಿಕದಲ್ಲಿ ಇಂಥವರನ್ನೇ ವಾರಕ್ಕೆ 150 ನಿಮಿಷ ನಡೆಸಿ, ತೂಕವನ್ನೂ ಸ್ವಲ್ಪ ಇಳಿಸಿದಾಗ ಮಧುಮೇಹಕ್ಕೆ ಹೋಗುವವರು ಶೇ. 58 ಕಡಿಮೆಯಾದರು (2002). ಚೆನ್ನೈ ಕಡೆಯ ಅಧ್ಯಯನದಲ್ಲಿ (2006) ಇಳಿಕೆ ಶೇ. 28ರಷ್ಟು. ನಮ್ಮ ಊಟ, ನಮ್ಮ ಮೈಕಟ್ಟು ಕಾರಣವಿರಬಹುದು. ಆದರೂ ಸಣ್ಣ ಲಾಭವಲ್ಲ.

ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ರಾತ್ರಿ ಕುಚ್ಚಲಕ್ಕಿ ಅನ್ನ ಉಂಡು ಟಿವಿ ಮುಂದೆ ಕೂರುವ ಬದಲು ಅಂಗಳದಲ್ಲೇ ಹದಿನೈದು ನಿಮಿಷ ಸುತ್ತಿ. ಬೆಳಗ್ಗೆ ತೋಟದಿಂದ ಗುಡ್ಡೆ ಹತ್ತಿ ಇಳಿಯಿರಿ. ಎಷ್ಟು ಬಿರುಸು ಎಂದರೆ, ಮಾತಾಡಲು ಆಗಬೇಕು, ಭಾಗವತರ ಹಾಗೆ ಪದ ಹೇಳಲು ಆಗಬಾರದು. ವಾರಕ್ಕೆರಡು ದಿನ ಗೊಬ್ಬರದ ಬುಟ್ಟಿ ನೀವೇ ಹೊರಿ, ಸ್ನಾಯುಗಳಿಗೂ ಕೆಲಸ ಬೇಕು. ಹತ್ತುವಾಗ ಎದೆ ಹಿಡಿದಂತಾದರೆ ಮಾತ್ರ ಅಲ್ಲೇ ನಿಲ್ಲಿಸಿ ಡಾಕ್ಟರಲ್ಲಿಗೆ ಹೋಗಿ. ಗ್ಯಾಸ್ಟ್ರಿಕ್ ಎಂದು ಶುಂಠಿ ಕಷಾಯ ಕುಡಿದು ಮಲಗಬೇಡಿ.

ನೆರೆಕರೆಯವರ ನಗುವಿಗೂ ಮದ್ದಿದೆ: ಕೈಯಲ್ಲೊಂದು ಕತ್ತಿ ಹಿಡಿದು ನಡೆಯಿರಿ, ಸೊಪ್ಪಿಗೆ ಹೊರಟಿದ್ದೀರಿ ಎಂದುಕೊಳ್ಳುತ್ತಾರೆ. ಮೂರು ತಿಂಗಳು ಕಳೆದು ಮತ್ತೆ ಪರೀಕ್ಷೆ ಮಾಡಿಸಿ, ಎಷ್ಟು ಬಂತೆಂದು ಬರೆಯಿರಿ.